ದಿನಕ್ಕೊಮ್ಮೆ ಕಾಣೆಯಾಗುತ್ತಿದ್ದ ಡೇಟಾಬೇಸ್

1997ರಲ್ಲಿ ತಮಿಳುನಾಡಿನ ಶಂಕಗಿರಿಯ ಒಂದು ಲಾರಿ ಆಫೀಸಿನಲ್ಲಿ ನನಗೆ ಮೊದಲ ಕೆಲಸ ಸಿಕ್ಕಿತು. ಧರ್ಮಪುರಿಯಲ್ಲಿ ವಿಷುಯಲ್ ಬೇಸಿಕ್ ಕಲಿತವಳು, ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡು ಲೋಡು, ಬಾಡಿಗೆ ಬರೆದಿಡುವ ಸಣ್ಣ ಪ್ರೋಗ್ರಾಮ್ ಮಾಡಿದ್ದೆ. ಪ್ರೋಗ್ರಾಮ್ ಹೊರಗಿನ ನನ್ನ ಕಂಪ್ಯೂಟರಿನಲ್ಲಿ. ಡೇಟಾಬೇಸ್ ಮಾತ್ರ ಒಳಕೋಣೆಯಲ್ಲಿ, ಮಾಲೀಕರ ಕಂಪ್ಯೂಟರಿನಲ್ಲಿ. ಲೆಕ್ಕವೆಲ್ಲ ತಮ್ಮ ಹತ್ತಿರವೇ ಇರಬೇಕೆಂದು ಅವರ ಹಟ. ಎರಡಕ್ಕೂ ನಡುವೆ ಒಂದು ಕೇಬಲ್.

ಅದನ್ನು ಬಳಸಲು ಶುರುಮಾಡಿದ ಮೊದಲ ವಾರವೇ, ಮಂಗಳವಾರ ಮಧ್ಯಾಹ್ನ ಮೂರರ ಮೇಲೆ ಇದ್ದಕ್ಕಿದ್ದಂತೆ ಡೇಟಾಬೇಸ್ ಸಿಗುತ್ತಿಲ್ಲ ಎಂದು ಪರದೆಯ ಮೇಲೆ ಬಂತು. ಕೋಡ್ ತಿದ್ದಿದೆ, ಫೈಲ್ ಇರುವ ಜಾಗವನ್ನು ಮತ್ತೆ ಬರೆದೆ. ಸಂಜೆ ಸರಿಯಾಯಿತು. ನನ್ನದೇ ಜಾಣತನ ಎಂದು ಬೀಗಿದೆ. ಬುಧವಾರ ಹನ್ನೆರಡಕ್ಕೆ ಮತ್ತೆ ಅದೇ ಕಥೆ, ಗುರುವಾರ ಊಟವಾದ ಮೇಲೆ. ಒಂದು ದಿನ ಕೆಟ್ಟ ಹೊತ್ತಿನಲ್ಲಿ ಮರುದಿನ ಕೆಡುವುದಿಲ್ಲ! ನನ್ನ ತಲೆ ಕೆಟ್ಟು ಗೊಬ್ಬರವಾಯಿತು. ಮಾಲೀಕರನ್ನು ಕೇಳೋಣವೆಂದರೆ, ಕರೆಯದೆ ಅವರ ಕೋಣೆಗೆ ಯಾರೂ ಹೋಗುವಂತಿರಲಿಲ್ಲ.

"ಶನಿವಾರದೊಳಗೆ ಸರಿ ಮಾಡಮ್ಮ. ಇಲ್ಲಾಂದ್ರೆ ಹಳೇ ಕಣಕ್ಕುಪಿಳ್ಳೆನೇ ಬಂದು ಲೆಕ್ಕ ಬರೀಲಿ" ಎಂದರು ಅವರೇ ಹೊರಗೆ ಬಂದು. ಊರಿಗೆ ಫೋನ್ ಮಾಡಿದರೆ ಅಪ್ಪ, "ಆಗ್ದಿದ್ರೆ ಬಂದ್ಬುಡವ್ವ, ಕುರಿ ಕಾಯಾಕೆ ಆಳಿಲ್ಲ" ಎಂದುಬಿಟ್ಟರು. ಅಳುವೇ ಬಂತು.

ಶುಕ್ರವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮತ್ತೆ ಕೈಕೊಟ್ಟಿತು. ಆಗ ಒಂದು ವಿಷಯ ಹೊಳೆಯಿತು. ಸಂಪರ್ಕ ಹೋದಾಗಲೆಲ್ಲ ಆಫೀಸಿನ ತುಂಬ ಡ್ರೈವರುಗಳು ಕೂತಿರುತ್ತಾರೆ. ಕೇಬಲ್ ತುಳಿಯುತ್ತಿರುವವರು ಇವರೇ! ರೇಗಿಹೋಯಿತು.

"ಅಣ್ಣಾ, ಲಾರಿ ತಗೊಂಡು ಓಗ್ಬಾರ್ದಾ? ಇಲ್ಲೇನ್ ಕೆಲ್ಸ ನಿಮ್ಗೆ?" ಎಂದು ಹತ್ತಿರವಿದ್ದ, ನಮ್ಮ ಕಡೆಯ ಡ್ರೈವರ್ ಮೇಲೆ ಹರಿಹಾಯ್ದೆ.

"ರಾವುಕಾಲ ಕಣವ್ವ. ತೊಪ್ಪೂರು ಘಾಟ್ ಹತ್ಬೇಕು, ಈಗ ವಂಡಿ ಎತ್ತಾಕಾಯ್ತದಾ? ಓನರೇ ಮಿಷಿನ್ ಆಫ್ ಮಾಡ್ಕೊಂಡು ಕುಂತವ್ರೆ."

ಕರೆಯದಿದ್ದರೂ ಒಳಕೋಣೆಯ ಬಾಗಿಲು ತಳ್ಳಿದೆ. ಪರದೆ ಕಪ್ಪಗಿತ್ತು. ಮಾಲೀಕರು ಕಣ್ಣು ಮುಚ್ಚಿ ಕೂತಿದ್ದರು. ಮನೆಯಲ್ಲಿ ಅಮ್ಮ ದಿನವೂ ನೋಡುತ್ತಿದ್ದ ರಾಹುಕಾಲ ಕಂಪ್ಯೂಟರಿಗೂ ಬರುತ್ತದೆಂದು ನನಗೆ ತೋಚಿಯೇ ಇರಲಿಲ್ಲ.

"ಅಯ್ಯಾ, ಇದು ಆಫ್ ಆದ್ರೆ ನಂಗೆ ಡೇಟಾ ಸಿಗಾಕಿಲ್ಲ."

"ರಾವುಕಾಲ್ದಾಗೆ ಯಾರಾನ ಲೆಕ್ಕ ಬರೀತಾರೇನಮ್ಮಾ?" ಎಂದು ಅವರು ನನ್ನನ್ನೇ ಕೇಳಿದರು.

ವಾದ ಮಾಡಿ ಫಲವಿರಲಿಲ್ಲ. ವಾರದ ರಾಹುಕಾಲವನ್ನೆಲ್ಲ ಪ್ರೋಗ್ರಾಮಿಗೆ ಸೇರಿಸಿದೆ. ಶನಿವಾರ ಆ ಹೊತ್ತು ಬಂದಾಗ ಅದು ಡೇಟಾಬೇಸ್ ಹುಡುಕಲು ಹೋಗದೆ, ರಾಹುಕಾಲ ಮುಗಿಯುವವರೆಗೆ ಕಾಯಿರಿ ಎಂದು ತೋರಿಸಿ ಸುಮ್ಮನಾಯಿತು. ಮುಗಿದ ಮೇಲೆ ತಾನಾಗಿಯೇ ತೆರೆದುಕೊಂಡಿತು.

"ನೋಡ್ರಲಾ, ಮಿಷಿನ್‌ಗೂ ಬುದ್ಧಿ ಬಂತು!" ಎಂದು ಮಾಲೀಕರು ಡ್ರೈವರುಗಳನ್ನೆಲ್ಲ ಕರೆದು ತೋರಿಸಿದರು. ನನ್ನ ಕೆಲಸ ಉಳಿಯಿತು. ಕುರಿ ಕಾಯಲು ಅಪ್ಪ ಬೇರೆ ಆಳು ನೋಡಿಕೊಂಡರು.

ಆಮೇಲೆ ಎಷ್ಟೋ ಪ್ರೋಗ್ರಾಮ್ ಬರೆದಿದ್ದೇನೆ. ಆದರೆ ಅಂದು ನಾನು ದೋಷವನ್ನು ಸರಿಪಡಿಸಿದೆನೋ, ಇಲ್ಲ ದೋಷವನ್ನೇ ಅಚ್ಚುಕಟ್ಟಾಗಿ ಪ್ರೋಗ್ರಾಮಿನೊಳಗೆ ಕೂರಿಸಿದೆನೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ.