ಕಂಪ್ಯೂಟರಿಗೆ ಹೊಲಿದ ಅಂಗಿ

ಮಸ್ಕಿಯ ಚಾಚಾನ ಫೋನ್ ಬಂದರೆ ನಾನು ಹಲೋ ಅನ್ನುವುದನ್ನೇ ಬಿಟ್ಟಿದ್ದೆ. "ಮತ್ತ ಆಫ್ ಆತೇನ್ರೀ?" ಅಂತಲೇ ಶುರು.

"ಆತು ಬೇಟಾ. ನೀ ಬಸ್ ಹತ್ತಿ ಇನ್ನಾ ತಾಸು ಆಗಿಲ್ಲ, ಗಪ್ ಆತು ನೋಡು."

ನಾನಿರುವುದು ಸಿಂಧನೂರಿನಲ್ಲಿ. ಹೈಸ್ಕೂಲು ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ. ಹುಟ್ಟಿ ಬೆಳೆದದ್ದು ಮಸ್ಕಿ. ಚಾಚಾ ನಮ್ಮ ಪಕ್ಕದ ಮನೆಯವರು, ದರ್ಜಿ. ನನ್ನ ಮೊದಲ ಲಂಗದಿಂದ ಹಿಡಿದು ಮದುವೆಯ ಬ್ಲೌಸಿನವರೆಗೆ ಎಲ್ಲಾ ಅವರದೇ ಹೊಲಿಗೆ. ನಾಲ್ಕು ವರ್ಷದ ಹಿಂದೆ ಅವರ ಬಲಗೈ ನಡುಗಲು ಶುರುವಾಯಿತು, ಆಮೇಲೆ ಎಡಗೈ. ಡಾಕ್ಟರು ಮಾತ್ರೆ ಬರೆದುಕೊಟ್ಟು, ಇದು ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ ಅಂದರು. ಚಾಚಾ ಅಂಗಡಿಯ ಶಟರ್ ಎಳೆದು ಮನೆ ಸೇರಿದರು.

ಒಮ್ಮೆ ಚಹಾ ಕುಡಿಯುತ್ತಾ ನಾನೇ ಹೇಳಿದ್ದೆ. ಇಂಥ ಕಾಯಿಲೆಗಳ ಬಗ್ಗೆ ಸಂಶೋಧನೆ ಮಾಡುವವರ ಹತ್ತಿರ ಮುಗಿಯದಷ್ಟು ಲೆಕ್ಕಗಳಿರುತ್ತವೆ. ಅವನ್ನು ತುಂಡು ತುಂಡು ಮಾಡಿ, ಒಪ್ಪಿಕೊಂಡವರ ಮನೆಯ ಕಂಪ್ಯೂಟರುಗಳಿಗೆ ಇಂಟರ್ನೆಟ್ಟಿನಲ್ಲಿ ಕಳಿಸುತ್ತಾರೆ. ನಾವು ಕಂಪ್ಯೂಟರ್ ಮುಟ್ಟದೆ ಇದ್ದಾಗ ಅದು ತನ್ನಷ್ಟಕ್ಕೆ ಲೆಕ್ಕ ಮಾಡಿ ವಾಪಸ್ ಕಳಿಸುತ್ತದೆ. ನನ್ನ ಹತ್ತನೇ ಕ್ಲಾಸಿನವರಿಗೆ ಇದನ್ನು ಎರಡು ಪೀರಿಯಡ್ ಹೇಳಿದರೂ ತಲೆಗೆ ಹತ್ತಿರಲಿಲ್ಲ. ಚಾಚಾಗೆ ಎರಡು ಗುಟುಕು ಚಹಾದಲ್ಲಿ ಅರ್ಥವಾಯಿತು.

"ಅಂದ್ರ ಒಂದು ದೊಡ್ಡ ಆರ್ಡರು. ಒಬ್ಬಗ ತೋಳು, ಒಬ್ಬಗ ಕಾಲರು, ಒಬ್ಬಗ ಕಾಜಾ ಕೊಟ್ಟಾರ. ಎಲ್ಲಾ ಕೂಡಿದ್ರ ಷೇರ್ವಾನಿ. ಹೌದಿಲ್ಲೋ?"

"ಹೌದ್ರೀ ಚಾಚಾ, ಹಂಗ."

"ವಾಯಿದೆ ಐತೇನು?"

"ಐತಿ. ಅಷ್ಟ್ರಾಗ ಮುಗಿಸ್ಲಿಲ್ಲಂದ್ರ ಆ ತುಂಡು ಬ್ಯಾರೆಯವ್ರಿಗೆ ಕೊಡ್ತಾರ."

"ಹಂಗಾರ ನಮ್ಮನಿಗೂ ಒಂದು ತುಂಡು ತರಿಸು. ನನ್ನ ಕೈಲೆ ಆಗಂಗಿಲ್ಲ, ಮಷೀನಾದ್ರೂ ಮಾಡ್ಲಿ."

ಆ ಮಾತಿಗೆ ಇಲ್ಲ ಅನ್ನಲು ನನ್ನಿಂದಾಗಲಿಲ್ಲ. ನಮ್ಮ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರನ್ನು ಒಯ್ದು ಅವರ ಪಡಸಾಲೆಯಲ್ಲಿಟ್ಟೆ; ಒಂದು ತಿಂಗಳ ಮೇಲೆ ಇಂಟರ್ನೆಟ್ ಬಂದಾಗ ಹೋಗಿ ಎಲ್ಲ ಜೋಡಿಸಿ ಬಂದೆ. ಅಲ್ಲಿಂದ ಶುರುವಾಯಿತು ನನ್ನ ಕರ್ಮ.

ನಾನು ಎದುರಿಗಿದ್ದರೆ ಅದು ಚಿನ್ನದಂಥ ಮಷೀನು. ನಾನು ಬೆನ್ನು ತಿರುಗಿಸಿದರೆ ಸಾಕು, ಸದ್ದಿಲ್ಲದೆ ಆಫ್. ಮತ್ತೆ ಚಾಲೂ ಮಾಡಿದರೆ ಸ್ವಲ್ಪ ಹೊತ್ತು ನಡೆದು ಮತ್ತೆ ಆಫ್. ಲಿಂಗಸುಗೂರಿನ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಹೋಗಿ ಫ್ಯಾನ್ ತಂದು ಹಾಕಿದೆ. ಇನ್ನೊಂದು ಭಾನುವಾರ ಅಲ್ಲಿಂದಲೇ ಪವರ್ ಸಪ್ಲೈ ತಂದೆ. ಪೇಂಟಿಂಗ್ ಬ್ರಷ್ಷಿನಿಂದ ಒಳಗಿನ ದೂಳೆಲ್ಲ ಗುಡಿಸಿದೆ. ಕರೆಂಟಿಗೆ ಬೈದೆ, ವೈರಿಗೆ ಬೈದೆ, ಕೊನೆಗೆ ಕಂಪ್ಯೂಟರಿಗೇ ಒಂದು ಏಟು ಹಾಕಿದೆ. ಅಷ್ಟರಲ್ಲಿ ಎರಡು ತುಂಡುಗಳ ವಾಯಿದೆ ಮುಗಿದು ಅವು ಬೇರೆಯವರ ಪಾಲಾಗಿದ್ದವು.

ಚಾಚಾ ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಮುಖ ಸಣ್ಣಗೆ ಮಾಡಿಕೊಂಡಿದ್ದರು. "ರಂಜಾನ್ ಗದ್ದಲದಾಗೂ ನಾ ವಾಯಿದೆ ತಪ್ಪಿಸಿದಾವಲ್ಲ ಬೇಟಾ. ಈ ಮೂರನೇದೂ ಹೋತಂದ್ರ ಮಷೀನ್ ವಾಪಸ್ ಒಯ್ದುಬಿಡು. ನನ್ನಿಂದ ಯಾರಿಗೂ ಏನೂ ಆಗಂಗಿಲ್ಲ" ಅಂದರು. ಕೆಟ್ಟ ಮಷೀನು ಕೊಟ್ಟು ಆ ಮನುಷ್ಯನ ತಲೆಗೆ ಇನ್ನೊಂದು ಸೋಲು ಕಟ್ಟಿದೆನಲ್ಲ!

ಮೂರನೇ ತುಂಡಿನ ವಾಯಿದೆಗೆ ಐದು ದಿನ ಉಳಿದಿದ್ದಾಗ ಮತ್ತೆ ಹೋದೆ. ಏನೂ ಸಿಗಲಿಲ್ಲ. ಮುಖ ಗಂಟಿಕ್ಕಿಕೊಂಡು ಬಸ್ ಸ್ಟ್ಯಾಂಡಿಗೆ ಬಂದು ನೋಡಿದರೆ, ಚಾಚಿ ಕಟ್ಟಿಕೊಟ್ಟಿದ್ದ ಖೀರಿನ ಡಬ್ಬಿಯನ್ನು ಅಲ್ಲೇ ಬಿಟ್ಟಿದ್ದೆ. ಖೀರು ಬಿಡುವ ಜಾತಿ ನಾನಲ್ಲ. ವಾಪಸ್ ಹೋದೆ.

ಪಡಸಾಲೆಯಲ್ಲಿ ಕಾಲಿಟ್ಟವಳು ಹಾಗೇ ನಿಂತೆ. ಕಂಪ್ಯೂಟರಿನ ಡಬ್ಬಿ ಅಂಗಿ ತೊಟ್ಟುಕೊಂಡು ಕೂತಿತ್ತು! ನೀಲಿ ಕೋಟಿನ ಬಟ್ಟೆ, ಒಳಗೆ ಅಸ್ತರು, ಅಂಚಿಗೆ ಕೆಂಪು ಪೈಪಿಂಗು, ಹಿಂದೆ ಸಾಲಾಗಿ ಗುಂಡಿ. ಮುಟ್ಟಿದರೆ ಆಗಷ್ಟೇ ಒಲೆಯಿಂದಿಳಿಸಿದ ಹಂಚು.

"ಯವ್ವಾ! ಏನ್ರೀ ಇದು ಚಾಚಾ? ಯಾವ ಪುಣ್ಯಾತ್ಮ ಹೊಚ್ಚಿದ್ದು ಇದನ್ನ?" ಅಂತ ಓಣಿಗೆಲ್ಲ ಕೇಳುವಂತೆ ಕೂಗಿದೆ.

"ನಾನ" ಅಂದರು ಚಾಚಾ, ಗಾಬರಿಯಾಗಿ. "ದೂಳು ಕುಂಡ್ರತೈತಿ ಅಂತ. ಯಾರೂ ಇಲ್ದಾಗ ಪರದೆ ಕಪ್ಪಾಗಿ ಅದು ಮಲಗಿದಂಗ ಇರ್ತೈತಿ ಅಲ್ಲಾ?"

"ಮತ್ತ ನಾ ಬಂದಾಗ ಎಲ್ಲಿರ್ತಿತ್ತು ಇದು?"

"ಡಾಕ್ಟರ್ ಬಂದಾಗ ಅಂಗಿ ಬಿಚ್ಚಬೇಕಲ್ಲ ಬೇಟಾ."

ನನಗೆ ನಗು ಒತ್ತಿಬಂತು. ಅಷ್ಟರಲ್ಲಿ ಚಾಚಿ ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದೊಯ್ದರು. "ಬೈಬ್ಯಾಡವ್ವಾ. ಅದನ್ನ ಹೊಲಿಯಾಕ ಒಂದು ತಿಂಗಳು ಹಿಡದೈತಿ. ಸೂಜಿಗೆ ದಾರ ನಾ ಪೋಣಿಸಿ ಕೊಡ್ತಿದ್ದೆ. ಅಂಗಡಿ ಮುಚ್ಚಿದ ಮ್ಯಾಲ ಅವರು ಹೊಲಿದದ್ದು ಅದೊಂದ."

ನನ್ನ ಬಾಯಿಗೆ ಮೊದಲೇ ಬೀಗ ಯಾಕೆ ಹಾಕಿಕೊಳ್ಳಲಿಲ್ಲವೋ ಅಂತ ನನ್ನ ಮೇಲೆಯೇ ನನಗೆ ಸಿಟ್ಟು ಬಂತು. ಹೊರಗೆ ಬಂದು ಚಾಚಾನ ಪಕ್ಕ ಕೂತು ಮೆಲ್ಲಗೆ ಹೇಳಿದೆ. ನಾವು ಎದ್ದು ಹೋದ ಮೇಲೆಯೇ ಅದು ದುಡಿಯಲು ಶುರು ಮಾಡುವುದು. ದುಡಿದಷ್ಟೂ ಬಿಸಿಯಾಗುತ್ತದೆ. ಕಾವು ಹೋಗದಿದ್ದರೆ ಸುಟ್ಟುಹೋಗಬಾರದೆಂದು ತಾನೇ ಆಫ್ ಆಗುತ್ತದೆ.

 ಚಾಚಾ ಹಣೆ ಬಡಿದುಕೊಂಡು ನಕ್ಕರು. "ಅರೆ ಅಲ್ಲಾ! ಹೊಲದಾಗ ದುಡಿಯಾವಗ ಬಿಸಲಾಗ ರಜಾಯಿ ಹೊಚ್ಚಿದಂಗಾತಲ್ಲ!"

"ತಗದು ಇಟ್ಟುಬಿಡೂನ್ರೀ. ಚಂದ ಐತಿ, ಜ್ವಾಪಾನ ಇರ್ಲಿ."

"ಯಾಕ? ಆಲ್ಟ್ರೇಷನ್ ಮಾಡಾಕ ಬರಂಗಿಲ್ಲೇನು ನನಗ? ಕತ್ರಿ ತಾ."

ಫ್ಯಾನ್ ಎಲ್ಲಿದೆ, ಗಾಳಿ ಎಲ್ಲಿಂದ ಒಳಗೆ ಹೋಗುತ್ತದೆ ಅಂತ ಕೇಳಿ ಕೇಳಿ ಸೀಮೆಸುಣ್ಣದಿಂದ ಗುರುತು ಹಾಕಿದರು. ಗೆರೆ ಸೊಟ್ಟಗಾಯಿತು, ಒರೆಸಿ ಮತ್ತೆ ಎಳೆದರು. ನಾನು ಕತ್ತರಿಸಿ ಕೊಡುತ್ತೇನೆ ಅಂದದ್ದಕ್ಕೆ ಕಣ್ಣು ಬಿಟ್ಟು ನೋಡಿದರು. ಚಾಚಿ ಬಟ್ಟೆಯನ್ನು ಎರಡೂ ಕಡೆಯಿಂದ ಬಿಗಿಯಾಗಿ ಹಿಡಿದರು. ಚಾಚಾ ಎರಡೂ ಕೈಯಿಂದ ಕತ್ತರಿ ಹಿಡಿದು, ನಡುಕ ನಿಂತ ಗಳಿಗೆ ನೋಡಿ ನೋಡಿ ಒಂದೊಂದೇ ಕಚ್ಚು ಹಾಕಿದರು. ಮುಂದೊಂದು, ಹಿಂದೆ ದೊಡ್ಡದೊಂದು, ಪಕ್ಕಕ್ಕೊಂದು ಕಿಂಡಿ ಬಿತ್ತು. ಅಂಚಿನ ಹೊಲಿಗೆ ಚಾಚಿಯದು, ಬೈಗುಳ ಚಾಚಾನದು. ಕೈಯಿಟ್ಟು ಬಿಸಿ ನೋಡಿಯೇ ಅಂಗಿ ತೊಡಿಸಬೇಕು ಅಂತ ಕಟ್ಟಪ್ಪಣೆ ಮಾಡಿ, ಖೀರಿನ ಡಬ್ಬಿ ಹಿಡಿದುಕೊಂಡು ಕೊನೆಯ ಬಸ್ಸಿಗೆ ಸಿಂಧನೂರಿಗೆ ಬಂದೆ.

ನಾಲ್ಕನೇ ದಿನ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿದ್ದಾಗ ಮಸ್ಕಿಯ ಫೋನು.

"ಮತ್ತ ಆಫ್ ಆತೇನ್ರೀ?"

ಈ ಸಲ ಚಾಚಿಯ ದನಿ. "ಇಲ್ಲವ್ವಾ. ತುಂಡು ಮುಗದು ವಾಪಸ್ ಹೋತಂತ. ನಿಮ್ಮ ಚಾಚಾ ಮನ್ಯಾಗಿಲ್ಲ, ಮುಂಜಾನಿಂದ ಓಣಿ ತುಂಬ ಹೇಳ್ಕೊಂತ ಅಡ್ಡಾಡಾಕತ್ತಾರ."

"ಏನಂತರೀ?"

"ಆರ್ಡರ್ ಮುಗಿಸಿದೆ, ವಾಯಿದೆಗಿಂತ ಒಂದಿನಾ ಮದ್ಲ ಕೊಟ್ಟೆ ಅಂತ." ಚಾಚಿ ಮೂಗೆಳೆದುಕೊಂಡ ಸದ್ದು ಕೇಳಿಸಿತು. "ನಾಕು ವರ್ಷ ಆಗಿತ್ತವ್ವಾ, ಅವರ ಬಾಯಾಗ ಆ ಮಾತು ಕೇಳಿ."