ಎಚ್ಚರಿಕೆಯ ಸಾಲು ನೋಡುತ್ತಿದ್ದ ಮಾದೇವ

ಮದ್ಯದ ಬಾಟಲಿಗಳ ಮೇಲೆ ಆರೋಗ್ಯದ ಎಚ್ಚರಿಕೆಯನ್ನು ಹೊಸ ಅಳತೆಯಲ್ಲಿ ಹಾಕಬೇಕೆಂಬ ನಿಯಮ ಬಂದಾಗ ನಾನು ಪೀಣ್ಯದ ಒಂದು ಲೇಬಲ್ ಮುದ್ರಣ ಘಟಕದಲ್ಲಿ ಕ್ವಾಲಿಟಿ ಇನ್‌ಚಾರ್ಜ್ ಆಗಿದ್ದೆ. ಕ್ವಾರ್ಟರ್ ಬಾಟಲಿಯ ಲೇಬಲ್ಲಿನಲ್ಲಿ ಆ ಸಾಲಿನ ಅಕ್ಷರ ಒಂದೂವರೆ ಮಿಲಿಮೀಟರಿಗಿಂತ ಚಿಕ್ಕದಿರಬಾರದು. ಅಷ್ಟು ಸಣ್ಣ ಅಕ್ಷರದೊಳಗೆ ಶಾಯಿ ತುಂಬಿಕೊಂಡರೆ ಇಡೀ ಲಾಟ್ ವಾಪಸ್ ಬರುತ್ತಿತ್ತು.

ಇಂಥ ತಪ್ಪು ಹಿಡಿಯುವುದರಲ್ಲಿ ನಮ್ಮ ಮೆಷಿನ್ ಆಪರೇಟರ್ ಮಾದೇವನನ್ನು ಮೀರಿಸುವವರಿರಲಿಲ್ಲ. ಐನೂರು ಹಾಳೆಗೊಂದನ್ನು ಎಳೆದು, ಭೂತಗನ್ನಡಿ ಇಟ್ಟು, 'ಮದ್ಯಪಾನ ಆರೋಗ್ಯಕ್ಕೆ ಹಾನಿಕರ' ಎಂಬುದನ್ನು ಒಂದೊಂದೇ ಅಕ್ಷರವಾಗಿ ನೋಡಿ ಅಂಚಿಗೆ ಸಹಿ ಹಾಕುತ್ತಿದ್ದ. ಶಿಫ್ಟ್ ಮುಗಿದರೆ ನಾಗಸಂದ್ರದ ವೈನ್ ಶಾಪಿನಲ್ಲಿ, ತಾನು ಲೇಬಲ್ ಮುದ್ರಿಸಿದ ಅದೇ ಬ್ರಾಂಡ್ ಕುಡಿಯುತ್ತಿದ್ದ. ನಮಗೆಲ್ಲ ಅದೊಂದು ತಮಾಷೆಯ ವಿಷಯವಾಗಿತ್ತು.

ಒಮ್ಮೆ ಒಂದು ಲಾಟ್ ರಿಜೆಕ್ಟ್ ಆಗಿ, ಹದಿನೈದು ದಿನದಲ್ಲಿ ಮರುಮುದ್ರಣ ಮಾಡಿಕೊಡಬೇಕಾಯಿತು. ಎರಡನೇ ದಿನವೇ ಮಾದೇವ ನನ್ನ ಟೇಬಲ್ಲಿಗೆ ಬಂದ.

"ಸಾರ್, ಅನ್ನ ಸೇರ್ತಿಲ್ಲ, ಕಾಲು ಊದ್ಕೊಂಡೈತೆ. ಎರಡು ದಿನ ರಜಾ ಕೊಡಿ, ಆಸ್ಪತ್ರೇಲಿ ತೋರಿಸ್ಕೊಂಡ್ ಬತ್ತೀನಿ."

"ಇದೊಂದು ಮುಗಿಸ್ಕೊಡಪ್ಪ. ನೀನಿಲ್ದೆ ಆ ಸಾಲು ಯಾರ್ ನೋಡ್ತಾರೆ?" ಎಂದೆ.

ಹೊಗಳಿದೆ ಎಂದೇ ಅಂದುಕೊಂಡಿದ್ದೆ. ಅವನು ಮೆಷಿನ್ ಕಡೆ ಹೋದ. ಆಮೇಲೆ ಹನ್ನೆರಡು ದಿನ ಪಕ್ಕದಲ್ಲೇ ನಿಂತು ಅವನು ಕೊಟ್ಟ ಹಾಳೆಗಳನ್ನು ನೋಡಿದೆ, ಅವನ ಮುಖ ನೋಡಲಿಲ್ಲ. ಲಾಟ್ ಪಾಸಾದ ಮರುದಿನ ಮಾದೇವ ಮೆಷಿನ್ ಮುಂದೆಯೇ ರಕ್ತ ಕಾರಿಕೊಂಡು ಬಿದ್ದ.

ಆಸ್ಪತ್ರೆಯಲ್ಲಿ ಅವನ ಕಣ್ಣು ಅರಿಶಿನ ಬಳಿದಂತಿತ್ತು. ಲಿವರ್ ಪೂರ್ತಿ ಕೆಟ್ಟಿದೆ, ಬಹಳ ತಡವಾಗಿ ಬಂದಿದ್ದೀರಿ ಎಂದರು ಡಾಕ್ಟರ್. ನನಗೆ ಅವನ ಮೇಲೆ, ನನ್ನ ಮೇಲೆ, ಸ್ಕೇಲ್ ಹಿಡಿದು ಅಕ್ಷರ ಅಳೆಯುವ ಎಲ್ಲರ ಮೇಲೆ ಸಿಟ್ಟು ಬಂತು.

"ಅಲ್ಲ ಕಣಯ್ಯ, ದಿನಾ ಅದನ್ನೇ ಓದ್ತಿದ್ಯಲ್ಲ, ಒಂದಿನಾನಾದ್ರೂ ತಲೆಗೆ ಹೋಗ್ಲಿಲ್ವಾ?"

"ಓದ್ತಾ ಎಲ್ಲಿದ್ದೆ ಸಾರ್? ಶಾಯಿ ತುಂಬಿ ಅಕ್ಷರ ಮುಚ್ಕೊಂಡೈತಾ ಅಂತ ನೋಡ್ತಿದ್ದೆ."

ಮಂಚದ ಆ ಬದಿಯಲ್ಲಿದ್ದ ಅವನ ಹೆಂಡತಿ ಜಯಮ್ಮ ಕೇಳಿದರು: "ರಜಾ ಕೇಳ್ದಾಗ ಕೊಟ್ಟಿದ್ರೆ ಉಳೀತಿದ್ರಾ ಸಾರ್?"

ತಿಂಗಳೊಳಗೆ ಮಾದೇವ ಹೋಗಿಬಿಟ್ಟ. ನಿವೃತ್ತನಾಗುವವರೆಗೂ, ಆಸ್ಪತ್ರೆಗೆಂದು ರಜೆ ಕೇಳಿದ ಯಾರಿಗೂ ಆರ್ಡರಿನ ಗಡುವು ಹೇಳದೆ ಸಹಿ ಹಾಕಿದೆ. ನೌಕರಿ ನನಗೆ ಕಲಿಸಿದ್ದು ಅಷ್ಟೇ. ಕಲಿಯಲು ಹನ್ನೆರಡು ದಿನ ಹೆಚ್ಚು ತೆಗೆದುಕೊಂಡೆ.