ಬಡಗಿ ಸಾಹೇಬರ ಪ್ಲಾಟ್‌ಫಾರಂ

ಮಾಲೂರು ಕಡೆಯ ನಮ್ಮ ಸಣ್ಣ ಸ್ಟೇಷನ್ನಿನ ಹಿಂದೆ ಅಂಗಡಿ ಇಟ್ಟಿದ್ದ ಬಡಗಿ ಸಾಹೇಬರಿಗೆ ಮೇಲಿನವರ ಮೇಲೆ ಅಪಾರ ನಂಬಿಕೆ. ಜನ ಜಾಸ್ತಿಯಾದರೆಂದು ರೈಲ್ವೆಯವರು ಬೆಂಗಳೂರಿನ ಲೋಕಲ್ ರೈಲಿಗೆ ನಾಲ್ಕು ಬೋಗಿ ಸೇರಿಸಿದರು. ಪ್ಲಾಟ್‌ಫಾರಂ ಮಾತ್ರ ಇದ್ದಷ್ಟೇ ಇತ್ತು. ಕೊನೆಯ ಬೋಗಿಗಳವರು ಜಲ್ಲಿಯ ಮೇಲೆ ಧುಮುಕಬೇಕು. ನಾವು ಗೊಣಗಿದರೆ ಸಾಹೇಬರು ಗಡ್ಡದ ಮರದ ಪುಡಿ ಕೊಡವುತ್ತ, "ಬೆಳೀತದೆ ಬಿಡಿ, ಅವಸರ ಯಾಕೆ?" ಎನ್ನುತ್ತಿದ್ದರು.

ಅದು ಬೆಳೆಯುವವರೆಗೆ ಸೊಪ್ಪು ಮಾರುವ ಅಕ್ಕನ ಮಂಡಿ ಕಾಯುವಂತಿರಲಿಲ್ಲ. ಒಮ್ಮೆ ಧುಮುಕಿ ಆಪರೇಷನ್ ಆಗಿತ್ತು. ಇನ್ನೊಮ್ಮೆ ಬಿದ್ದರೆ ನಡಿಗೆಯೇ ಇಲ್ಲವೆಂದಿದ್ದರು ಡಾಕ್ಟರು. ಅವಳ ಬುಟ್ಟಿಗಳಿಗೆ ಜಾಗ ಸಿಗುತ್ತಿದ್ದದ್ದು ಕೊನೆಯ ಬೋಗಿಯಲ್ಲೇ. ಹಾಗಾಗಿ ದಿನಾ ಸಂಜೆ ಸಾಹೇಬರು ತಾವೇ ಮಾಡಿದ ಸ್ಟೂಲನ್ನು ಆ ಬಾಗಿಲ ಕೆಳಗೆ ತಂದಿಡುತ್ತಿದ್ದರು.

ಒಂದು ಸಂಜೆ ಅದೇ ಬಾಗಿಲಲ್ಲಿ, ಅಕ್ಕನ ಮುಂದೆ, ತಪಾಸಣೆಗೆ ಬಂದ ಅಧಿಕಾರಿ ಕಾಣಿಸಿಕೊಂಡರು. ಸ್ಟೂಲಿನ ಮೇಲೆ ಎರಡೂ ಕಾಲೂರಿ ನಿಂತು, "ಹಳಿ ಪಕ್ಕ ಇದೆಲ್ಲ ಇಡೋ ಹಾಗಿಲ್ಲ, ತೆಗೀರಿ" ಎಂದು ಗದರಿದರು.

"ತೆಗೀತೀನಿ ಸಾರ್. ಮೊದ್ಲು ತಾವು ಇಳೀರಿ."

ಅಧಿಕಾರಿ ಇಳಿದರು. ಸಾಹೇಬರು ಸ್ಟೂಲಿನ ಮೇಲೆ ಉಳಿದ ಬೂಟಿನ ಧೂಳನ್ನು ಟವೆಲಿನಿಂದ ಒರೆಸಿ, ಮೇಲೆ ಕೈ ಚಾಚಿದರು.

"ಬಾರಕ್ಕಾ, ನಿಧಾನ. ಗಟ್ಟಿ ಐತೆ, ಸಾರೇ ನಿಂತು ಚೆಕ್ ಮಾಡವ್ರೆ."